ಉಮ್ದಾನ ಒಂಬತ್ತು ಮಿಲಿಮೀಟರ್

ಮಹಲ್ಲಾ ಅಲ್ ಕುಬ್ರಾ
9 ಫೆಬ್ರವರಿ 1988

ಮಗನೇ ವಗ್ದಿ,

ಹುದೈದಾದ ಬಿಸಿಲಿನಲ್ಲಿ ನೀನು ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ. ಚೆನ್ನಾಗಿಲ್ಲದಿದ್ದರೂ ನೀನು ಬರೆಯುವವನಲ್ಲ. ಯೆಮೆನ್ನಿನ ಮಕ್ಕಳಿಗೆ ಕಬ್ಬಿಣ ಎಷ್ಟು ತಾಳುತ್ತದೆ ಎಂದು ಪಾಠ ಹೇಳುವವನಿಗೆ ಹೆತ್ತವಳು ಎಷ್ಟು ತಾಳುತ್ತಾಳೆ ಎಂದು ಯೋಚಿಸಲು ಪುರಸೊತ್ತೆಲ್ಲಿ? ಹೋಗಲಿ. ಇವತ್ತು ಬರೆಯುತ್ತಿರುವುದು ಬೈಯುವುದಕ್ಕಲ್ಲ, ಕೆಲಸಕ್ಕೆ.

ನಿಮ್ಮಪ್ಪ ಕಟ್ಟಿದ ಬಣ್ಣದ ಕಾರ್ಖಾನೆ ಇಷ್ಟು ವರ್ಷ ಹತ್ತಿ ನೂಲಿನ ಮೇಲೆ ಬದುಕಿತು. ಈಗ ಎಲ್ಲರಿಗೂ ಪಾಲಿಯೆಸ್ಟರ್ ಬೇಕು. ಅದು ತೆರೆದ ತೊಟ್ಟಿಯಲ್ಲಿ ಬಣ್ಣ ಹಿಡಿಯುವುದಿಲ್ಲ, ಮುಚ್ಚಿದ ಯಂತ್ರದಲ್ಲಿ ಚೆನ್ನಾಗಿ ಬೇಯಬೇಕು. ಎರಡು ಯಂತ್ರ ತಂದಾಯಿತು. ಅವಕ್ಕೆ ಏಳು ಕಿಲೋ ಒತ್ತಡದ ಉಗಿ ಬೇಕಂತೆ. ಬಾಯ್ಲರ್ ಹೊಸದು, ಹತ್ತು ಕೊಡುತ್ತದೆ. ನಡುವೆ ಇರುವವನು ನಮ್ಮ ಉಮ್ದಾ. ಬಾಯ್ಲರಿನ ಉಗಿಯನ್ನೆಲ್ಲ ಹೊಟ್ಟೆಗಿಳಿಸಿಕೊಂಡು ಎಲ್ಲರಿಗೂ ಹಂಚುತ್ತಾ ಮಲಗಿರುವ ಆ ಸಿಲಿಂಡರಿಗೆ ನಿಮ್ಮಪ್ಪ ಉಮ್ದಾ ಎಂದು ಊರಗೌಡನ ಹೆಸರಿಟ್ಟದ್ದು ಸರಿಯಾಗಿಯೇ ಇದೆ. ಆದರೆ ಅವನು ನಮ್ಮ ಮನೆಗೆ ಬಂದಾಗಿನಿಂದ ಮೂರು ಕಿಲೋ ದಾಟಿದವನಲ್ಲ.

"ಏರ್ಸೇ ಬಿಡೋಣಮ್ಮ, ಏನಾಗುತ್ತೆ?" ಎನ್ನುತ್ತಾನೆ ಶೌಕಿ. ನಿನ್ನ ತಮ್ಮನದು ಎಲ್ಲದಕ್ಕೂ ಅದೇ ಮಾತು. ದಿನವಿಡೀ ಉಮ್ದಾನ ಪಕ್ಕದಲ್ಲಿ ವಾಲ್ವಿನ ಮೇಲೆ ಕೈಯಿಟ್ಟು ನಿಲ್ಲುವವನೂ ಅವನೇ. ಅದಕ್ಕೇ ನಾನು, "ಲೆಕ್ಕ ಆಗೋವರ್ಗೂ ಅದರ ಮೈ ಮುಟ್ಟಿದ್ರೆ ಕೈ ಮುರೀತೀನಿ" ಎಂದೆ. ತಂತಾ ಊರಿನಿಂದ ಅಳತೆಯವನನ್ನು ಕರೆಸಿದೆ. ಅವನ ಹತ್ತಿರ ಒಂದು ಸಣ್ಣ ಪೆಟ್ಟಿಗೆ ಇದೆ. ಸಿಲಿಂಡರಿನ ಮೈಗೆ ಲೇಹದಂಥದ್ದು ಸವರಿ ಗುಂಡಿ ಒತ್ತಿದರೆ, ಶಬ್ದ ಒಳಗೆ ಹೋಗಿ ಬಂದು ತಗಡಿನ ದಪ್ಪ ಹೇಳುತ್ತದಂತೆ. ಸುತ್ತಲೂ ಒತ್ತಿ ನೋಡಿದ. ಎಲ್ಲೂ ಒಂಬತ್ತು ಮಿಲಿಮೀಟರಿಗೆ ಕಡಿಮೆ ಬರಲಿಲ್ಲ. ಅಡ್ಡಗಲ ಒಂದು ಮೀಟರ್ ಇಪ್ಪತ್ತು ಸೆಂಟಿಮೀಟರ್.

ನೀನು ದಿನಾ ಹಲಗೆಯ ಮೇಲೆ ಬರೆಯುವುದು ಇದೇ ತಾನೇ? ನಮ್ಮ ಮನೆಯವನಿಗೂ ಒಂದು ಸಲ ಬರೆದು ಕಳಿಸು.

ನಿನ್ನ ತಾಯಿ,
ಇನ್ಸಾಫ್


ಹುದೈದಾ
26 ಫೆಬ್ರವರಿ 1988

ಅಮ್ಮಾ,

ನಿನ್ನ ಪತ್ರ ಕೈಗೆ ಬಂದ ದಿನವೇ ಉಮ್ದಾನನ್ನು ತರಗತಿಗೆ ಕರೆದೊಯ್ದೆ. ಹಲಗೆಯ ಮೇಲೆ ಅವನ ಚಿತ್ರ ಬರೆದು ಹೆಸರು ಹೇಳಿದಾಗ ಎಲ್ಲರೂ ನಕ್ಕರು. "ಸಾರ್, ಗೌಡ್ರಿಗೆ ಹೊಟ್ಟೆ ದೊಡ್ಡದು, ಚರ್ಮ ತೆಳು" ಎಂದ ಒಬ್ಬ. ಪಾಠ ಪೂರ್ತಿ ಅಷ್ಟೇ.

ಲೆಕ್ಕ ಕಷ್ಟದ್ದಲ್ಲ. ಒತ್ತಡವನ್ನು ಅಡ್ಡಗಲದಿಂದ ಗುಣಿಸಿ, ತಗಡಿನ ದಪ್ಪದ ಎರಡರಷ್ಟರಿಂದ ಭಾಗಿಸಬೇಕು. ಆಗ ತಗಡನ್ನು ಸುತ್ತಲೂ ಎಳೆಯುವ ಬಲ ಎಷ್ಟೆಂದು ಸಿಗುತ್ತದೆ. ಉದ್ದಕ್ಕೆ ಎಳೆಯುವ ಬಲ ಅದರ ಅರ್ಧ ಮಾತ್ರ. ಅದಕ್ಕೇ ನೀನು ಕರುಳಿಗೆ ಅಕ್ಕಿ ತುಂಬಿ ಮುಂಬಾರ್ ಬೇಯಿಸುವಾಗ ಅದು ಉದ್ದಕ್ಕೇ ಸೀಳುತ್ತದೆ, ಅಡ್ಡಕ್ಕೆ ತುಂಡಾಗುವುದಿಲ್ಲ. ಸಿಲಿಂಡರ್ ಒಡೆದರೂ ಹಾಗೆಯೇ ಒಡೆಯುತ್ತದೆ.

ಒಂಬತ್ತು ಮಿಲಿಮೀಟರಿಗೆ ಏಳು ಕಿಲೋ ಉಗಿ ತುಂಬಿದರೆ ಈ ಎಳೆತ ಚದರ ಮಿಲಿಮೀಟರಿಗೆ ನಲವತ್ತೇಳು ನ್ಯೂಟನ್ ಬರುತ್ತದೆ. ಅಂಥ ಉಕ್ಕು ಹರಿದುಹೋಗುವುದು ಮುನ್ನೂರ ಎಂಬತ್ತಕ್ಕೆ. ಆದರೆ ಐದರಲ್ಲಿ ಒಂದು ಪಾಲನ್ನಷ್ಟೇ ನಂಬಬೇಕು, ಬೆಸುಗೆ ಹಳೆಯದಾದ್ದರಿಂದ ಅದರಲ್ಲೂ ಒಂದಿಷ್ಟು ಕಳೆಯಬೇಕು. ಎಲ್ಲ ಕಳೆದು ಐವತ್ಮೂರು ಉಳಿಯುತ್ತದೆ. ಅಂದರೆ ಏಳು ಕಿಲೋಗೆ ಎಂಟು ಮಿಲಿಮೀಟರ್ ಸಾಕು, ನಮ್ಮಲ್ಲಿ ಒಂಬತ್ತಿದೆ. ಕಾಗದದ ಮೇಲೆ ಎಂಟು ಕಿಲೋ ಹತ್ತಿರದವರೆಗೂ ತಾಳುತ್ತದೆ. ನೀವು ಏಳು ದಾಟಿಸಬೇಡಿ, ಏಳಕ್ಕೇ ತೆರೆದುಕೊಳ್ಳುವ ಹಾಗೆ ಸೇಫ್ಟಿ ವಾಲ್ವ್ ಹೊಂದಿಸಿ.

ಶೌಕಿ ನನ್ನ ಮಾತು ಕೇಳುವವನಲ್ಲ, ಮೊಹರಿಗೆ ಹೆದರುತ್ತಾನೆ. ಅದಕ್ಕೆ ಲೆಕ್ಕವನ್ನು ಬೇರೆ ಹಾಳೆಯಲ್ಲಿ ಬರೆದು ಸಹಿ ಹಾಕಿ, ನಮ್ಮ ಸಂಸ್ಥೆಯ ಮೊಹರು ಒತ್ತಿ ಜೊತೆಗಿಟ್ಟಿದ್ದೇನೆ.

ಅಪ್ಪ ಇದ್ದಿದ್ದರೆ ಈ ಲೆಕ್ಕ ನೋಡಿ ಏನನ್ನುತ್ತಿದ್ದರೋ. ಅವರ ಎದುರು ಒಂದು ಸಲವೂ ಮಾಡಿ ತೋರಿಸಲಿಲ್ಲ.

ನಿನ್ನ ಮಗ,
ವಗ್ದಿ


ಮಹಲ್ಲಾ ಅಲ್ ಕುಬ್ರಾ
6 ಏಪ್ರಿಲ್ 1988

ವಗ್ದಿ,

ನಿನ್ನ ಹಾಳೆ ಈಗ ಆಫೀಸಿನ ಗೋಡೆಯ ಮೇಲಿದೆ. ಶೌಕಿ ಗಾಜು ಹಾಕಿಸಿದ್ದಾನೆ. ಬಂದವರಿಗೆಲ್ಲ, "ನಮ್ಮಣ್ಣ ಇಂಜಿನಿಯರು, ಮೊಹರು ನೋಡಿ" ಎಂದು ತೋರಿಸುತ್ತಾನೆ. ನೀನು ಹತ್ತಿರವಿದ್ದಾಗ ಇಷ್ಟು ಹೊಗಳಿದವನಲ್ಲ.

ಹೋದ ತಿಂಗಳಿಂದ ಏಳು ಕಿಲೋದಲ್ಲೇ ನಡೆಯುತ್ತಿದೆ. ಯಂತ್ರಗಳು ಬಿಡುವಿಲ್ಲದೆ ಓಡುತ್ತಿವೆ, ಈದ್ ಹಬ್ಬದ ಬಟ್ಟೆಗೆ ಇಡೀ ಸೀಮೆ ನಮ್ಮ ಬಾಗಿಲಲ್ಲಿ ನಿಂತಿದೆ. ಉಮ್ದಾನ ಸ್ವರ ಮಾತ್ರ ಬದಲಾಗಿದೆ. ಮೊದಲು ಗುರುಗುಟ್ಟುತ್ತಿದ್ದ, ಈಗ ಸಣ್ಣಗೆ ಹಾಡಿದ ಹಾಗೆ ಕೇಳುತ್ತದೆ. ಶೌಕಿ, "ವಯಸ್ಸಿಗೆ ಬಂದಿದಾನೆ ಬಿಡಮ್ಮ, ದನಿ ಒಡೀತಿದೆ" ಎಂದು ತಮಾಷೆ ಮಾಡುತ್ತಾನೆ. ನನಗೆ ನಗು ಬರಲಿಲ್ಲ. ನೀನು ಸರಿಯಿದೆ ಎಂದು ಬರೆದ ಮೇಲೆ ನಾನು ಹೆದರುವುದೇಕೆ ಎಂದು ಸುಮ್ಮನಾದೆ.

ಶಾಬಾನ್ ತಿಂಗಳ ಹುಣ್ಣಿಮೆ ಕಳೆದ ಮೇಲೆ ಮೊನ್ನೆ ಎಂದಿನಂತೆ ಅವನಿಗೆ ಬಣ್ಣ ಬಳಿದೆವು. ನಿಮ್ಮಪ್ಪ ಹಾಕಿಕೊಟ್ಟ ಪದ್ಧತಿ, ರಮದಾನಿಗೆ ಮೊದಲು ಎರಡು ಸುತ್ತು ಹಸಿರು, ಹಸಿ ಬಣ್ಣದ ಮೇಲೆ ಎಲ್ಲರ ಹಸ್ತದ ಗುರುತು. ನಿಮ್ಮಪ್ಪನ ಕೊನೆಯ ವರ್ಷದ ಹಸ್ತವೊಂದನ್ನು ಈ ಸಲವೂ ಬಿಟ್ಟು ಸುತ್ತಲೂ ಬಳಿದಿದ್ದೇವೆ. ಅದರ ಹಿಂದಿನ ವರ್ಷಗಳ ಕೈಗಳೆಲ್ಲ ಒಂದರ ಮೇಲೊಂದು ಅಲ್ಲೇ ಅಡಗಿವೆ. ನಿನ್ನ ಪುಟ್ಟ ಕೈಯೂ ಇದೆ, ಮರೆತಿದ್ದೀಯೋ ಏನೋ. ತಂತಾದ ಆ ಅಳತೆಯವನು ಅವತ್ತು ಇದನ್ನೆಲ್ಲ ಕೆರೆಯಬೇಕು ಎಂದು ಉಳಿ ತೆಗೆದಿದ್ದ! "ಹಾಜಿಯಮ್ಮ, ಒಂದು ಬಿಲ್ಲೆಯಷ್ಟು ಜಾಗ ಸಾಕು, ಬರೀ ಲೋಹ ಕಾಣ್ಬೇಕು" ಎಂದು ಅಂಗಲಾಚಿದ. "ಎಲ್ಲಿ ಕೆರೆದ್ರೂ ನನ್ನ ಗಂಡನ ಕೈಯನ್ನೇ ಕೆರೀತೀಯ ಕಣಯ್ಯ. ಮೇಲಿಂದ್ಲೇ ಅಳಿ" ಎಂದೆ. ಚಹ ಕುಡಿಸಿ ಸಮಾಧಾನ ಮಾಡಿದ ಮೇಲೆ ಮೇಲಿನಿಂದಲೇ ಅಳೆದ. ಪೆಟ್ಟಿಗೆ ಒಂಬತ್ತು ತೋರಿಸಿತಲ್ಲ, ಮತ್ತೇನು ಬೇಕಿತ್ತು ಅವನಿಗೆ?

ರಮದಾನಿಗೆ ಬರುತ್ತೀಯಾ ಎಂದು ಕೇಳುವುದಿಲ್ಲ.

ನಿನ್ನ ತಾಯಿ,
ಇನ್ಸಾಫ್


ಹುದೈದಾ
19 ಏಪ್ರಿಲ್ 1988

ಅಮ್ಮಾ,

ಈ ಪತ್ರ ತಲುಪಿದ ಕೂಡಲೇ ಬಾಯ್ಲರ್ ಆರಿಸು. ಓದಿ ಮುಗಿಸುವವರೆಗೂ ಕಾಯಬೇಡ. ಶೌಕಿಯನ್ನು ಅಲ್ಲಿಂದ ಆಚೆ ಕರೆ, ಆಮೇಲೆ ಕೂತು ಓದು.

ಅಳೆಯುವವನು ಬಣ್ಣ ಕೆರೆದೇ ಅಳೆದಿರುತ್ತಾನೆ ಎಂದು ನಂಬಿ ನಾನು ಸಹಿ ಹಾಕಿದೆ. ಕೇಳಬೇಕಾಗಿತ್ತು, ಕೇಳಲಿಲ್ಲ. ಆ ಪೆಟ್ಟಿಗೆಗೆ ಬಣ್ಣ ಯಾವುದು, ಉಕ್ಕು ಯಾವುದು ಎಂದು ಗೊತ್ತಾಗುವುದಿಲ್ಲ. ಶಬ್ದ ಹೋಗಿ ಬರಲು ಹಿಡಿದ ಹೊತ್ತನ್ನು ನೋಡಿ, ಎಲ್ಲವೂ ಉಕ್ಕೇ ಎಂದುಕೊಂಡು ದಪ್ಪ ಹೇಳುತ್ತದೆ. ಬಣ್ಣದಲ್ಲಿ ಶಬ್ದ ನಿಧಾನ. ಹಾಗಾಗಿ ಒಂದು ಮಿಲಿಮೀಟರ್ ಬಣ್ಣವಿದ್ದರೆ ಅದನ್ನು ಎರಡೂವರೆ ಮಿಲಿಮೀಟರ್ ಉಕ್ಕು ಎಂದು ಲೆಕ್ಕ ಹಿಡಿಯುತ್ತದೆ.

ನಾನು ಹುಟ್ಟುವ ಮೊದಲಿನಿಂದ ಅಪ್ಪ ವರ್ಷಕ್ಕೆ ಎರಡು ಸುತ್ತು ಬಣ್ಣ ಬಳಿದಿದ್ದಾರೆ. ಒಂದೂವರೆ ಮಿಲಿಮೀಟರಿನಷ್ಟಾದರೂ ಬಣ್ಣವೇ ಇದೆ. ಒಂಬತ್ತರಲ್ಲಿ ಹತ್ತಿರಹತ್ತಿರ ನಾಲ್ಕು ಬರೀ ಬಣ್ಣದ ಸುಳ್ಳು. ಉಳಿಯುವುದು ಐದು. ಏಳು ಕಿಲೋಗೆ ಎಂಟು ಬೇಕು ಎಂದು ನಾನೇ ಬರೆದಿದ್ದೇನೆ. ಆ ಐದೂ ಒಳಗಿನಿಂದ ತುಕ್ಕು ತಿನ್ನದೆ ಉಳಿದಿದ್ದರೆ ಮಾತ್ರ ಐದು. ಇಷ್ಟು ವರ್ಷ ನೀರು, ಉಗಿ ಕುಡಿದ ತಗಡಿನಲ್ಲಿ ಗುಳಿ ಬೀಳದೆ ಇರುವುದಿಲ್ಲ.

ಮೂರು ಕಿಲೋದಲ್ಲಿ ಅವನು ಹೇಗೋ ಬದುಕಿದ. ಏಳರಲ್ಲಿ ಬದುಕುವುದು ಅದೃಷ್ಟ, ಲೆಕ್ಕವಲ್ಲ. ಸ್ವರ ಬದಲಾಗಿದೆ ಎಂದೆಯಲ್ಲ, ಆ ಸಾಲು ನನ್ನನ್ನು ಬಿಡುತ್ತಿಲ್ಲ.

ನಾನೇ ಹೊರಟುಬಿಡುತ್ತಿದ್ದೆ. ವಾಸದ ಪರವಾನಗಿಗೆಂದು ಪಾಸ್‌ಪೋರ್ಟ್ ಕಚೇರಿಗೆ ಹೋಗಿ ಕೂತಿದೆ. ತಂತಿ ಕೊಡೋಣವೆಂದರೆ ಇಲ್ಲಿನ ತಂತಿ ವಾರದಿಂದ ಕೆಟ್ಟಿದೆ. ಅದಕ್ಕೇ ಈ ಪತ್ರವನ್ನು ಊರಿಗೆ ಹೊರಟ ಮೇಷ್ಟ್ರೊಬ್ಬರ ಕೈಗೆ ಕೊಡುತ್ತಿದ್ದೇನೆ.

ಅಪ್ಪನ ಕೈ ಹೋದರೆ ಹೋಗಲಮ್ಮ. ಬಣ್ಣ ಕೆರೆಸು. ಶೌಕಿಯ ಜೀವ ನನಗೆ ಬೇಕು.

ವಗ್ದಿ


ಮಹಲ್ಲಾ ಅಲ್ ಕುಬ್ರಾ
8 ಮೇ 1988

ವಗ್ದಿ,

ನಿನ್ನ ಮೇಷ್ಟ್ರು ಕೈರೋದಲ್ಲಿ ಜ್ವರ ಹಿಡಿದು ಮಲಗಿಬಿಟ್ಟಿದ್ದರಂತೆ. ಪತ್ರ ನಿನ್ನೆ ಬಂತು. ಮೊದಲು ಕೇಳು, ಶೌಕಿ ಕ್ಷೇಮ. ಉಮ್ದಾ ನಮ್ಮ ಮನೆಯಲ್ಲಿಲ್ಲ.

ರಮದಾನಿನ ಮೊದಲ ವಾರ ನಾನು ಕಾಯಿಲೆ ಬಿದ್ದ ನಿನ್ನ ಚಿಕ್ಕಮ್ಮನನ್ನು ನೋಡಲು ತಂತಾಕ್ಕೆ ಹೋಗಿದ್ದೆ. ವಾಪಸ್ ಬಂದಾಗ ಉಮ್ದಾ ಮಲಗುತ್ತಿದ್ದ ಕಟ್ಟೆಯ ಮೇಲೆ ಹೊಸ ಸಿಲಿಂಡರೊಂದು ನಿಂತಿತ್ತು. ಕೆಲಸ ಹೆಚ್ಚಾಗಿದೆ, ಹಳೆಯದು ಚಿಕ್ಕದಾಯಿತು ಎಂದು ಶೌಕಿ ನನ್ನನ್ನು ಕೇಳದೆ ಉಮ್ದಾನನ್ನು ಮಾರಿಬಿಟ್ಟಿದ್ದ. ನಿಮ್ಮಪ್ಪನ ಕೈಯ ಸಮೇತ! ಮೂರು ದಿನ ನಾನು ಅವನ ಜೊತೆ ಮಾತಾಡಲಿಲ್ಲ. ಅವನು ತಂದ ಖರ್ಜೂರವನ್ನೂ ಮುಟ್ಟಲಿಲ್ಲ.

ನಿನ್ನೆ ನಿನ್ನ ಪತ್ರ ಓದಿ, ಎದೆಯ ಮೇಲೆ ಕೈಯಿಟ್ಟುಕೊಂಡು ಕೂತುಬಿಟ್ಟೆ. ಸುಳ್ಳೇಕೆ ಹೇಳಲಿ, ಮೊದಲು ಬಂದ ಮಾತು, ದೇವರು ದೊಡ್ಡವನು, ಪೀಡೆ ನಮ್ಮ ಮನೆ ಬಿಟ್ಟು ಹೋಯಿತು ಎಂದೇ. ಶೌಕಿಯನ್ನು ಅಪ್ಪಿಕೊಂಡು ಅತ್ತೆ. ಅವನು ಕಂಗಾಲಾಗಿ, "ಏನಮ್ಮ, ಈಗ ಸಿಟ್ಟು ಹೋಯ್ತಾ?" ಎಂದ.

ಆಮೇಲೆ ಕೇಳಿದೆ, "ಯಾರಿಗೆ ಮಾರ್ದೆ?"

"ದಿಕಿರ್ನಿಸ್‌ನವ್ರಿಗೆ. ಸಿಬಾಯಿ ಯಜಮಾನ್ರು. ಅವರೂ ಬಣ್ಣದವ್ರೇ."

"ಅವ್ರು ಅಳ್ದು ನೋಡಿದ್ರಾ?"

"ನೋಡ್ದೆ ಬಿಡ್ತಾರಾ? ಅವ್ರೂ ಒಬ್ಬ ಪೆಟ್ಟಿಗೆಯವನ್ನ ಕರ್ಕೊಂಡು ಬಂದಿದ್ರು. ಒಂಬತ್ತು ಚಿಲ್ರೆ ಬಂತು. ಆಮೇಲೆ ಅಣ್ಣನ ಹಾಳೆ ನೋಡಿ, ಅದನ್ನೂ ಕೊಡು ಅಂದ್ರು. ಗಾಜಿನ ಸಮೇತ ಕೊಟ್ಟೆ."

ಅವನಿಗೆ ನಿನ್ನ ಪತ್ರ ಓದಿ ಹೇಳಿದೆ. ಮುಖ ಬಿಳಿಚಿಕೊಂಡಿತು. ಆಮೇಲೆ, "ಹೋದ ಪೀಡೆ ಹೋಯ್ತು ಬಿಡಮ್ಮ. ಅವ್ರು ಎಷ್ಟು ಒತ್ತಡ ಹಾಕ್ತಾರೋ ಏನೋ, ನಮಗ್ಯಾಕೆ?" ಎಂದ. ನನ್ನ ಕೈ ತಾನಾಗಿಯೇ ಅವನ ಕೆನ್ನೆಗೆ ಹೋಯಿತು. ಅವನು ಮದುವೆಯಾದವನು, ಮಕ್ಕಳ ತಂದೆ. ಹೊಡೆದದ್ದಕ್ಕೆ ನನಗೇ ನಾಚಿಕೆಯಾಯಿತು. ಆದರೆ ಅವನು ಆಡಿದ ಮಾತು ನಿನ್ನೆ ನನ್ನ ಮನಸ್ಸಿಗೂ ಬಂದಿತ್ತು. ಅದಕ್ಕೇ ಅಷ್ಟು ಸಿಟ್ಟು ಬಂತು.

ದಿಕಿರ್ನಿಸ್‌ಗೆ ಫೋನ್ ಮಾಡಿಸಿ ನೋಡಿದೆ. ಆ ಕಾರ್ಖಾನೆಗೆ ಫೋನಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.

ನಿನ್ನ ತಾಯಿ,
ಇನ್ಸಾಫ್


ದಿಕಿರ್ನಿಸ್
12 ಮೇ 1988

ವಗ್ದಿ,

ಉಮ್ದಾನಿಗೆ ಬೆನ್ನು ಕೊಟ್ಟು ಕೂತು ಇದನ್ನು ಬರೆಯುತ್ತಿದ್ದೇನೆ. ಅವನು ಈಗ ತಣ್ಣಗಿದ್ದಾನೆ. ತಣ್ಣಗಾಗಿಸಿದ್ದು ನಾನು.

ನಾನು ಬಂದ ದಿನ ಅವನ ಸ್ವರ ಬೀದಿಗೇ ಕೇಳುತ್ತಿತ್ತು, ಅದೇ ಸಣ್ಣ ಹಾಡು, ಇನ್ನಷ್ಟು ಸಣ್ಣಗೆ. ಒಳಗೆ ಬಂದು ಒತ್ತಡದ ಗಡಿಯಾರ ನೋಡಿದರೆ ಮುಳ್ಳು ಎಂಟರ ಮೇಲಿದೆ. ಎಂಟು ಕಿಲೋ ಹತ್ತಿರದವರೆಗೂ ತಾಳುತ್ತದೆ ಎಂದು ನಿನ್ನ ಹಾಳೆಯಲ್ಲಿದೆಯಂತೆ, ಅದನ್ನು ನೋಡಿಯೇ ಏರಿಸಿದ್ದಾರೆ. ಹೊಸದಾಗಿ ಹಸಿರು ಬಣ್ಣವನ್ನೂ ಬಳಿದಿದ್ದಾರೆ. ಹಸ್ತದ ವಿಷಯ ಶೌಕಿ ಹೇಳಿದ್ದನಂತೆ, ಬರಕತ್ತಿನ ಪದ್ಧತಿ ಎಂದು ಇವರಿಗೂ ಹಿಡಿಸಿ, ಮನೆಮಂದಿಯೆಲ್ಲ ಕೈಯೊತ್ತಿದ್ದಾರೆ. ನಿಮ್ಮಪ್ಪನ ಕೈ ಅಡಿಗೆ ಹೋಯಿತು. ಅದನ್ನು ನೋಡಿ ನನಗೆ ಏನೂ ಅನ್ನಿಸಲಿಲ್ಲ ಎಂದರೆ ನಂಬುತ್ತೀಯಾ? ನಾನು ನೋಡುತ್ತಿದ್ದದ್ದು ಪಕ್ಕದಲ್ಲಿದ್ದ ಹೆಂಗಸರನ್ನು. ಈ ಕೋಣೆ ಬೆಚ್ಚಗಿರುತ್ತದೆ, ನೂಲು ಬೇಗ ಒಣಗುತ್ತದೆ ಎಂದು ಸಿಬಾಯಿಯ ಮೂವರು ಸೊಸೆಯರು ಇಲ್ಲೇ ಕೂತು ನೂಲು ಸುತ್ತುತ್ತಾರೆ. ಕಿರಿಯವಳು ಬಸುರಿ. ಹೆಸರು ರವಾಯಿಹ್.

ಸಿಬಾಯಿ ಕೆಟ್ಟವನಲ್ಲ. ನನ್ನನ್ನು ಕೂರಿಸಿ ಎಲ್ಲ ಕೇಳಿಸಿಕೊಂಡ. ಆಮೇಲೆ ನಕ್ಕ.

"ಹಾಜಿಯಮ್ಮ, ಮಾರಿದ್ಮೇಲೆ ಮನಸ್ಸು ಬದಲಾಯ್ತಾ? ನೇರವಾಗಿ ಹೇಳಿ."

"ನನಗೆ ಅದು ಬೇಡಪ್ಪ. ಒಂದು ಬಿಲ್ಲೆಯಷ್ಟು ಜಾಗ ಕೆರೆದು ಅಳೆಸು. ನಾನೇ ಕೆರೀತೀನಿ, ಉಳಿ ಕೊಡು."

"ನಿಮ್ಮ ಇಂಜಿನಿಯರ್ ಮಗ ಮೊಹರು ಒತ್ತಿ ಕೊಟ್ಟಿದಾರೆ. ಎರಡು ಸಲ ಅಳೆಸಿ ಆಗಿದೆ. ಮಗನ್ನ ನಂಬ್ಲೋ, ಅಮ್ಮನ್ನ ನಂಬ್ಲೋ?"

ನಿನ್ನ ಎರಡನೆಯ ಪತ್ರ ತೋರಿಸಿದೆ. "ಇದ್ರಲ್ಲಿ ಮೊಹರಿಲ್ವಲ್ಲ? ಅಮ್ಮನಿಗೆ ಮಗ ಬರೆದ ಮನೆಮಾತು ಇದು" ಎಂದು ಮರ್ಯಾದೆಯಿಂದಲೇ ಹಿಂದೆ ಕೊಟ್ಟ. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆನೇನೋ. ತಂತಾದ ಆ ಬಡಪಾಯಿಗೆ ನಾನು ಬೇರೇನು ಹೇಳಿದ್ದೆ?

ಆಗ ಎದ್ದು ಬಂದು ಇಲ್ಲಿ ಕೂತೆ. "ಉಗಿ ಇಳಿಸೋವರ್ಗೂ ಏಳಲ್ಲ. ಒಡೆದ್ರೆ ನನ್ನ ಮೇಲೇ ಮೊದ್ಲು ಒಡೀಲಿ" ಎಂದೆ. ಉಪವಾಸದ ಮುದುಕಿ, ಮಕ್ಕಾ ಕಂಡು ಬಂದವಳು, ಮನೆಗೆ ಬಂದ ಅತಿಥಿ. ನನ್ನನ್ನು ಎತ್ತಿ ಆಚೆ ಹಾಕುವ ಮುಖ ಈ ಸೀಮೆಯಲ್ಲಿ ಯಾರಿಗಿದೆ? ಸಂಜೆಯ ಹೊತ್ತಿಗೆ ನಾಚಿಕೊಂಡು ಬೆಂಕಿ ಆರಿಸಿದರು. ಉಪವಾಸ ಬಿಡಲು ರವಾಯಿಹ್ ತಟ್ಟೆ ತಂದಿಟ್ಟಳು. ಉಂಡೆ, ಏಳಲಿಲ್ಲ. ಅಂದಿನಿಂದ ಇಲ್ಲೇ ಇದ್ದೇನೆ. ಹಾಸಿಗೆಯನ್ನೂ ಇಲ್ಲಿಗೇ ತಂದುಕೊಟ್ಟಿದ್ದಾರೆ. ಬೀದಿಯ ಹೆಂಗಸರು ನೋಡಲು ಬಂದು ಹೋಗುತ್ತಾರೆ. ಉಳಿ ಮಾತ್ರ ನನ್ನ ಕೈಗೆ ಸಿಗದ ಹಾಗೆ ಎತ್ತಿಟ್ಟಿದ್ದಾರೆ.

ಸಿಬಾಯಿ ಇವತ್ತು ಬೆಳಿಗ್ಗೆ ಎದುರಿಗೆ ಕುಕ್ಕರಗಾಲಲ್ಲಿ ಕೂತು ಹೇಳಿದ, "ಈದ್‌ವರ್ಗೂ ನೀವು ನಮ್ಮನೆ ಅತಿಥಿ, ನನ್ನ ತಲೆ ಮೇಲೆ ಇಟ್ಕೊಂಡು ನೋಡ್ಕೋತೀನಿ. ಹಬ್ಬ ಕಳೆದ ದಿನ ಉಗಿ ಏರಿಸ್ತೀನಿ. ನೀವು ಎದ್ರೂ ಏರಿಸ್ತೀನಿ, ಏಳ್ದೇ ಇದ್ರೂ ಏರಿಸ್ತೀನಿ. ನನ್ನ ಮನೆ ಅನ್ನ ಅದು, ಹಾಜಿಯಮ್ಮ."

ಶೌಕಿಯನ್ನು ಬಾಯ್ಲರ್ ಇನ್ಸ್‌ಪೆಕ್ಟರ್ ಕಚೇರಿಗೆ ಕಳಿಸಿದ್ದೆ. ಹಬ್ಬ ಕಳೆಯಲಿ, ಅರ್ಜಿ ನೋಡೋಣ ಎಂದರಂತೆ. ಪಾಪ, ಅವನು ದಿನಾ ಬಂದು ನನ್ನ ಪಕ್ಕದಲ್ಲಿ ಕೂರುತ್ತಾನೆ. ಬೈದು ಕಳಿಸುತ್ತೇನೆ.

ನನಗೆ ಭಯವಾಗುತ್ತಿದೆ ವಗ್ದಿ. ಸಾಯುವುದಕ್ಕಲ್ಲ. ಈ ರವಾಯಿಹ್ ನನ್ನ ಪಕ್ಕದಲ್ಲೇ ಕೂತು ನೂಲು ಸುತ್ತುತ್ತಾಳೆ, ಎಷ್ಟು ಹೇಳಿದರೂ ಹೋಗುವುದಿಲ್ಲ. "ನೀವಿರುವಾಗ ನನಗೇನು ಭಯ ಅಜ್ಜಿ?" ಎನ್ನುತ್ತಾಳೆ.

ನನಗೆ ಬರೆಯಬೇಡ. ಸಿಬಾಯಿಗೆ ಬರೆ. ಅವನು ಮೊಹರು ನಂಬುವವನು, ಮೊಹರು ಒತ್ತಿ ಬರೆ.

ಇನ್ಸಾಫ್


ಹುದೈದಾ
21 ಮೇ 1988

ದಿಕಿರ್ನಿಸ್‌ನ ಸಿಬಾಯಿ ಯಜಮಾನರಿಗೆ,

ನನ್ನನ್ನು ನೀವು ನೋಡಿಲ್ಲ. ನಿಮ್ಮ ಗೋಡೆಯ ಮೇಲಿರುವ ಹಾಳೆಗೆ ಸಹಿ ಹಾಕಿದವನು ನಾನು. ತಾಯಿಯ ಪತ್ರ ಹದಿನೆಂಟಕ್ಕೆ ಕೈಗೆ ಬಂತು. ಆ ದಿನವೇ ನಿಮ್ಮ ಹೆಸರಿಗೆ ತಂತಿ ಕಳಿಸಿದೆ, ಮರುದಿನ ಇನ್ನೊಂದು. ಎರಡಕ್ಕೂ ಉತ್ತರ ಬಂದಿಲ್ಲ. ಹಬ್ಬ ಕಳೆದ ದಿನ ಉಗಿ ಏರಿಸುತ್ತೇನೆ ಎಂದಿದ್ದಿರಂತೆ, ಹಬ್ಬ ಆಗಲೇ ಕಳೆದಿದೆ. ಹಬ್ಬದ ರಜೆಯಲ್ಲಿ ಅಂಚೆ ಕಚೇರಿ ಮುಚ್ಚಿತ್ತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಆ ಹಾಳೆಯನ್ನು ದಯವಿಟ್ಟು ಹರಿದುಹಾಕಿ. ಗುಣಾಕಾರ, ಭಾಗಾಕಾರ ಸರಿಯಿದೆ, ಅಳತೆ ತಪ್ಪು. ತಗಡಿನ ದಪ್ಪವನ್ನು ನಾನು ಕಂಡಿರಲಿಲ್ಲ. ಕಾಣದ ದಪ್ಪಕ್ಕೆ ಮೊಹರು ಒತ್ತಿದೆ. ನಿಮ್ಮ ಸಿಲಿಂಡರಿನ ಮೇಲೆ ಒಂದೂವರೆ ಮಿಲಿಮೀಟರಿಗೂ ಹೆಚ್ಚು ಬಣ್ಣವಿದೆ, ನೀವು ಬಳಿದದ್ದೂ ಸೇರಿ. ಅದರ ಕೆಳಗೆ ಉಕ್ಕು ಐದು ಮಿಲಿಮೀಟರ್ ಇರಬಹುದು, ಮೂರೂ ಇರಬಹುದು. ನೀವು ಹಾಕುತ್ತಿರುವ ಎಂಟು ಕಿಲೋಗೆ ಒಂಬತ್ತು ಬೇಕು. ಬಣ್ಣ ಕೆರೆದು, ಲೋಹ ಹೊಳೆಯುವಂತೆ ಉಜ್ಜಿ, ಆಮೇಲೆ ಅಳೆಸಿ. ನನ್ನ ಮಾತು ಸುಳ್ಳಾದರೆ ನಾನು ಎಲ್ಲರೆದುರು ನಿಮ್ಮ ಕ್ಷಮೆ ಕೇಳುತ್ತೇನೆ. ಅದು ಸುಳ್ಳಾಗಲಿ ಎಂದೇ ನನ್ನ ಆಸೆ.

ನೀವು ಕೇಳಿದ ಹಾಗೆ ಸಹಿಯ ಕೆಳಗೆ ಮೊಹರು ಒತ್ತಿದ್ದೇನೆ. ಪಾಸ್‌ಪೋರ್ಟ್ ಇವತ್ತು ಕೈಗೆ ಸಿಕ್ಕಿತು, ವಿಮಾನದಲ್ಲಿ ಜಾಗ ಸಿಕ್ಕ ಕೂಡಲೇ ನಾನೂ ಹೊರಡುತ್ತೇನೆ. ಈ ಪತ್ರ ನನಗಿಂತ ಮೊದಲೇ ತಲುಪಲಿ ಎಂದು ಈಗಲೇ ಹೊರಟಿರುವ ಒಬ್ಬರ ಕೈಗೆ ಕೊಟ್ಟಿದ್ದೇನೆ.

ನಿಮ್ಮ ಕಿರಿಯ ಸೊಸೆಯನ್ನು ಆ ಕೋಣೆಯಿಂದ ಆಚೆ ಕಳಿಸಿ. ನನ್ನ ತಾಯಿ ಇನ್ನೂ ಅಲ್ಲೇ ಕೂತಿದ್ದರೆ ಈ ಕಾಗದವನ್ನು ಅವರ ಕೈಗೆ ಕೊಡಿ. ಅವರಿಗೆ ಓದಲು ಬರುತ್ತದೆ. ಮಗ ಮೊಹರು ಒತ್ತಿ ಬರೆದಿದ್ದಾನೆ, ಇನ್ನು ಏಳಬಹುದು ಎಂದು ಹೇಳಿ.

ವಗ್ದಿ ಬದ್ರಾನ್
ಇಂಜಿನಿಯರ್